ಆಮೆಯ ಸ್ಟಾರ್ಟರ್ ಕಿಟ್: ಎಲೆಕ್ಟ್ರಿಷಿಯನ್ ಕಣ್ಣಲ್ಲಿ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ: ಐದಕ್ಕೆ ಒಂದೂವರೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೆ ಸಾಕು. 'ಮೊದಲ ಆಮೆಗೆ ಬೇಕಾದ್ದೆಲ್ಲ ಒಂದೇ ಪೆಟ್ಟಿಗೆಯಲ್ಲಿ' ಅಂತ ಮಾರುವ ಕಿಟ್ ತೆಗೆದುಕೊಳ್ಳಬೇಡಿ. ಆ ದುಡ್ಡಿನ ಹೆಚ್ಚಿನ ಪಾಲನ್ನು ದೀಪಕ್ಕೆ ಹಾಕಿ. ಆಮೆಯನ್ನು ಎಲ್ಲಕ್ಕಿಂತ ಕೊನೆಗೆ ಮನೆಗೆ ತನ್ನಿ. ನಾನು ಹೇಳುತ್ತಿರುವುದು ನೆಲದ ಆಮೆಯ ಬಗ್ಗೆ, ನೀರಿನದ್ದಲ್ಲ.

ಕಿಟ್‌ನ ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಬೇರೆ ಬೇರೆ ಲೇಬಲ್ ಅಂಟಿಸಿಕೊಂಡು ಹೆಚ್ಚುಕಡಿಮೆ ಇದೇ ಸಾಮಾನಿನ ಪೆಟ್ಟಿಗೆಗಳು ಎಲ್ಲ ಕಡೆ ಸಿಗುತ್ತವೆ. ನಮಗೆ ಇದನ್ನು ಕೊಟ್ಟವರು ಅತ್ತಿಗೆ. ಮಗಳು ಆಮೆ ಬೇಕು ಅಂತ ಹಠ ಹಿಡಿದದ್ದು ಅವರ ಕಿವಿಗೆ ಬಿದ್ದಿತ್ತು. ಅವಳ ಹುಟ್ಟುಹಬ್ಬಕ್ಕೆ ಪೆಟ್ಟಿಗೆ ಹೊತ್ತು ತಂದೇಬಿಟ್ಟರು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಕಿಟ್ ತಯಾರಿಸಿದವರ ಮೇಲೆ.

ನಾನು ವೈರಿಂಗ್ ಕೆಲಸದವನು. ಯಾವ ಸಾಮಾನು ಬಂದರೂ ಮೊದಲು ಹಿಂದೆ ತಿರುಗಿಸಿ ಹೋಲ್ಡರ್ ನೋಡುವ, ವ್ಯಾಟ್ ಎಷ್ಟು ಅಂತ ಓದುವ ಚಾಳಿ. ಆಮೆ ಇನ್ನೂ ಬಂದಿರಲಿಲ್ಲವಾದ್ದರಿಂದ ಒಂದೊಂದನ್ನೇ ಮೇಜಿನ ಮೇಲೆ ಇಟ್ಟು ಪರೀಕ್ಷೆ ಮಾಡಲು ಬೇಕಾದಷ್ಟು ಸಮಯ ಸಿಕ್ಕಿತು. "ಏನಪ್ಪಾ, ಇನ್ನೂ ಜೋಡಿಸಿಲ್ವಾ?" ಅಂತ ಅತ್ತಿಗೆ ಫೋನ್ ಮಾಡಿದಾಗಲೆಲ್ಲ "ನೋಡ್ತಾ ಇದ್ದೀನಿ ಅತ್ತಿಗೆ" ಅನ್ನುತ್ತಿದ್ದೆ. ಅಷ್ಟೇನೂ ಸುಳ್ಳಲ್ಲ.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು. ಎರಡಡಿ ಉದ್ದ, ಒಂದಡಿ ಅಗಲದ ಗಾಜಿನ ಟ್ಯಾಂಕು, ಅದಕ್ಕೊಂದು ಜಾಲರಿ ಮುಚ್ಚಳ. ಸುರುಳಿ ಆಕಾರದ ಚಿಕ್ಕ ಯುವಿಬಿ ಬಲ್ಬು. ಬಿಸಿಗೆ ಒಂದು ಸಾದಾ ಸ್ಪಾಟ್ ಬಲ್ಬು, ರಾತ್ರಿಗೆ ಅಂತ ಒಂದು ಕೆಂಪು ಬಲ್ಬು. ಟ್ಯಾಂಕಿನ ಅಡಿಗೆ ಅಂಟಿಸುವ ಹೀಟ್ ಮ್ಯಾಟ್. ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್. ಒಂದು ಚೀಲ ಮರದ ಹೊಟ್ಟು, ಒಂದು ಡಬ್ಬಿ ಪೆಲೆಟ್ (ಒಣ ಆಹಾರದ ಗುಳಿಗೆ), ನೀರಿನ ತಟ್ಟೆ, ಅರ್ಧ ಸೀಳಿದ ದಿಮ್ಮಿಯಂಥ ಗೂಡು, ಒಂದು ಪುಟ್ಟ ಪುಸ್ತಿಕೆ.

ಮೊದಲು ದೀಪ. ಇಡೀ ವಿಷಯದ ಜೀವ ಇರುವುದೇ ಇಲ್ಲಿ.

ಆಮೆಗೆ ಬಿಸಿಲು ಬೇಕು ಅಂತ ಎಲ್ಲರಿಗೂ ಗೊತ್ತು. ಬಿಸಿಲಲ್ಲಿ ಎರಡು ಬೇರೆ ಬೇರೆ ವಸ್ತು ಇವೆ ಅನ್ನುವುದು ಅನೇಕರಿಗೆ ಹೊಳೆಯುವುದಿಲ್ಲ. ಒಂದು ಕಾವು, ಇನ್ನೊಂದು ಯುವಿಬಿ. ಯುವಿಬಿ ಅಂದರೆ ಸುಮಾರು 290ರಿಂದ 320 ನ್ಯಾನೋಮೀಟರ್ ಅಲೆಯ, ಕಣ್ಣಿಗೆ ಕಾಣದ ಕಿರಣ. ಇದು ಚರ್ಮಕ್ಕೆ ಬಿದ್ದರೆ ಆಮೆಯ ಮೈ ವಿಟಮಿನ್ ಡಿ3 ಮಾಡಿಕೊಳ್ಳುತ್ತದೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಅಷ್ಟೇ. ಆಗ ಮೂಳೆ ಮೆತ್ತಗಾಗುತ್ತದೆ. ಚಿಪ್ಪೂ ಮೂಳೆಯೇ ಅಲ್ವಾ, ಅದೂ ಮೆತ್ತಗಾಗುತ್ತದೆ. ಕಾಲು ಮೈಯನ್ನು ಎತ್ತಲಾರದೆ ಹೊಟ್ಟೆ ಎಳೆದುಕೊಂಡು ನಡೆಯುವ ಆಮೆಗಳನ್ನು ನೋಡಿದ್ದೇನೆ, ನೋಡಲು ಆಗುವುದಿಲ್ಲ. ವೈದ್ಯರು ಇದನ್ನು ಮೆಟಬಾಲಿಕ್ ಬೋನ್ ಡಿಸೀಸ್ ಅನ್ನುತ್ತಾರೆ. ಬೆಳೆಯುವ ಮರಿಗಳಲ್ಲಿ ಬೇಗ ಬರುತ್ತದೆ.

ಕಿಟ್‌ನ ಸುರುಳಿ ಬಲ್ಬು ಈ ಕೆಲಸ ಮಾಡುತ್ತದಾ ಅಂತ ನೋಡಬೇಕಿತ್ತು. ಹಲ್ಲಿ ಜಾತಿಯ ಪ್ರಾಣಿಗಳನ್ನು ಸಾಕುವ ಗೆಳೆಯನೊಬ್ಬನಿಂದ ಸೋಲಾರ್‌ಮೀಟರ್ 6.5 ಅನ್ನುವ ಮೀಟರ್ ಕಡ ತಂದೆ. ಸಣ್ಣ ಟಾರ್ಚಿನಷ್ಟಿರುವ ಉಪಕರಣ, ಬಟನ್ ಒತ್ತಿದರೆ ಯುವಿ ಸೂಚ್ಯಂಕ, ಅಂದರೆ ಯುವಿ ಎಷ್ಟು ಪ್ರಬಲ ಅಂತ ತೋರಿಸುತ್ತದೆ. ಸುರುಳಿ ಬಲ್ಬಿನಿಂದ ಒಂದಡಿ ದೂರದಲ್ಲಿ ಹಿಡಿದೆ. 0.8. ಮಧ್ಯೆ ಕಿಟ್‌ನದೇ ಜಾಲರಿ ಮುಚ್ಚಳ ಇಟ್ಟೆ. 0.5. ಮಗಳು ಟ್ಯಾಂಕಿನ ಪಕ್ಕದಿಂದ ಗಾಜಿನ ಮೂಲಕ ಹಿಡಿದಳು. ಸೊನ್ನೆ. "ಅಪ್ಪ, ಮೀಟರ್ ಕೆಟ್ಟೋಯ್ತು" ಅಂದಳು. ಕೆಟ್ಟಿರಲಿಲ್ಲ. ಸಾಮಾನ್ಯ ಗಾಜು ಯುವಿಬಿಯನ್ನು ಒಳಗೆ ಬಿಡುವುದೇ ಇಲ್ಲ. ಮುಚ್ಚಿದ ಕಿಟಕಿಯ ಪಕ್ಕ ಟ್ಯಾಂಕು ಇಟ್ಟು 'ನಮ್ಮ ಆಮೆಗೆ ದಿನಾ ಬಿಸಿಲು ಬೀಳುತ್ತೆ' ಅನ್ನುವವರು ಇದನ್ನು ಗಮನಿಸಬೇಕು. ಅಲ್ಲಿ ಸಿಗುವುದು ಕಾವು ಮಾತ್ರ. ಅದೂ ಗಾಜಿನೊಳಗೆ ಸಿಕ್ಕಿಕೊಂಡು ಆಮೆ ಬೆಂದುಹೋಗುವಷ್ಟು ಏರಬಹುದು.

ಹಾಗಾದರೆ ಎಷ್ಟು ಬೇಕು? 2010ರಲ್ಲಿ ಫರ್ಗುಸನ್ ಎಂಬ ಸಂಶೋಧಕ ಮತ್ತು ಸಂಗಡಿಗರು ಹಲ್ಲಿ, ಹಾವುಗಳು ಕಾಡಿನಲ್ಲಿ ಎಷ್ಟು ಯುವಿ ತಾವಾಗಿಯೇ ಮೈಗೆ ತೆಗೆದುಕೊಳ್ಳುತ್ತವೆ ಅಂತ ಅಳೆದು ನಾಲ್ಕು ವಲಯ ಮಾಡಿದರು. ಆಮೇಲೆ ಆಮೆಗಳನ್ನೂ ಅದೇ ಲೆಕ್ಕಕ್ಕೆ ತಂದರು. ಮೆಡಿಟರೇನಿಯನ್ ಕಡೆಯ ಆಮೆಗಳನ್ನು ಮೂರನೇ ವಲಯಕ್ಕೆ ಹಾಕುತ್ತಾರೆ. ಅಂದರೆ ಬಿಸಿಲು ಕಾಯಿಸುವ ಜಾಗದಲ್ಲಿ, ಚಿಪ್ಪಿನ ಎತ್ತರದಲ್ಲಿ ಸೂಚ್ಯಂಕ 3ರ ಆಸುಪಾಸು ಇರಬೇಕು. ಅಲ್ಲಿಂದ ದೂರ ಹೋದಂತೆ ಕಡಿಮೆಯಾಗುತ್ತ ಪೂರ್ತಿ ನೆರಳಿನವರೆಗೂ ಆಯ್ಕೆ ಇರಬೇಕು. 0.5 ಎಲ್ಲಿ, 3 ಎಲ್ಲಿ?

ಆ ಬಲ್ಬನ್ನು ಪಕ್ಕಕ್ಕಿಟ್ಟು ಟಿ5 ಅನ್ನುವ ತೆಳ್ಳನೆಯ ಯುವಿಬಿ ಟ್ಯೂಬ್ ತಂದೆ. 12% ಅಂತ ಬರೆದಿರುವ ಉದ್ದನೆಯ ಟ್ಯೂಬು, ಹಿಂದೆ ಅಲ್ಯೂಮಿನಿಯಂ ರಿಫ್ಲೆಕ್ಟರ್. ಒಂದೂಕಾಲು ಅಡಿಗಿಂತ ಸ್ವಲ್ಪ ಮೇಲೆ ತೂಗುಹಾಕಿದರೆ ಕೆಳಗೆ 3ರ ಮೇಲೆ ಚೂರು ಬರುತ್ತದೆ. ಸುರುಳಿ ಬಲ್ಬು ಒಂದು ಚುಕ್ಕೆಯಷ್ಟು ಜಾಗಕ್ಕೆ ಬೆಳಕು ಕೊಟ್ಟರೆ, ಟ್ಯೂಬು ಇಡೀ ಚಿಪ್ಪಿಗೆ, ಆಮೆ ಎರಡು ಹೆಜ್ಜೆ ಆಚೀಚೆ ಹೋದರೂ ಕೊಡುತ್ತದೆ. ಇದಕ್ಕೆ ನನ್ನ ಅಂಕ ಐದಕ್ಕೆ ಐದು. ಒಂದೇ ಎಚ್ಚರಿಕೆ: ಈ ಟ್ಯೂಬು ಉರಿಯುತ್ತಿದೆ ಅಂದರೆ ಯುವಿಬಿ ಬರುತ್ತಿದೆ ಅಂತ ಅರ್ಥವಲ್ಲ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇರುತ್ತದೆ, ಯುವಿಬಿ ಒಳಗೊಳಗೇ ಇಳಿಯುತ್ತಾ ಹೋಗುತ್ತದೆ. ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ನಾನು ಟ್ಯೂಬಿನ ತುದಿಯ ಲೋಹದ ಮೇಲೆ ಮಾರ್ಕರ್‌ನಿಂದ ಹಾಕಿದ ತಾರೀಖು ಬರೆದಿದ್ದೇನೆ. ಕೆಲಸದ ಅಭ್ಯಾಸ.

ಹೋಲ್ಡರ್ ವಿಷಯಕ್ಕೆ ಬಂದರೆ ಸ್ವಲ್ಪ ಸಿಟ್ಟು ಬರುತ್ತದೆ. ಸ್ಪಾಟ್ ಬಲ್ಬು ದಿನಕ್ಕೆ ಹನ್ನೆರಡು ಗಂಟೆ ಉರಿಯುವಂಥದ್ದು. ಅದಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಕೊಟ್ಟಿದ್ದಾರೆ, ಜೊತೆಗೆ ಟ್ಯಾಂಕಿನ ಅಂಚಿಗೆ ಸಿಕ್ಕಿಸುವ ಕ್ಲಿಪ್. ಆ ಕ್ಲಿಪ್ ಜಾರಿ ಬಲ್ಬು ಒಣ ಮರದ ಹೊಟ್ಟಿನ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಯಾರಾದರೂ ಯೋಚಿಸಿದ್ದಾರಾ? ಪಿಂಗಾಣಿ ಹೋಲ್ಡರ್ ಹಾಕಿ. ದೀಪವನ್ನು ವೈರಿನಲ್ಲಿ ನೇತುಹಾಕಬೇಡಿ, ಸರಪಳಿ ಹಾಕಿ ಮೇಲಿನ ಪಟ್ಟಿಗೆ ಬಿಗಿಯಿರಿ. ವೈರು ಸಾಕೆಟ್ಟಿಗೆ ಹೋಗುವ ಮೊದಲು ಒಮ್ಮೆ ಕೆಳಕ್ಕೆ ಇಳಿದು ಮೇಲಕ್ಕೆ ಹೋಗುವ ಹಾಗೆ ಬಿಡಿ. ನೀರು ಚಿಮ್ಮಿದರೂ ವೈರಿನ ಗುಂಟ ಸಾಕೆಟ್ಟಿಗೆ ಹೋಗದೆ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕಿಟ್‌ನಲ್ಲಿ ಇಲ್ಲದ್ದು, ಇರಲೇಬೇಕಾಗಿದ್ದದ್ದು: ಥರ್ಮೋಸ್ಟಾಟ್. ಬಿಸಿಯ ಬಲ್ಬನ್ನು ಡಿಮ್ಮಿಂಗ್ ಥರ್ಮೋಸ್ಟಾಟ್‌ಗೆ ಕೊಟ್ಟರೆ ಜಾಗ ಕಾದಂತೆ ಬಲ್ಬು ತಾನೇ ಮಂದವಾಗುತ್ತದೆ. ಆನ್-ಆಫ್ ಮಾಡುವ ಅಗ್ಗದ್ದು ಹಾಕಿದರೆ ಬಲ್ಬು ಮಿಣಮಿಣ ಅಂತ ಬೇಗ ಹೋಗುತ್ತದೆ. ಯುವಿಬಿ ಟ್ಯೂಬನ್ನು ಇದಕ್ಕೆ ಸೇರಿಸಬಾರದು, ಅದಕ್ಕೆ ಪ್ರತ್ಯೇಕ ಟೈಮರ್ ಸಾಕು. ಇನ್ನು ಕಾವು, ಯುವಿಬಿ ಎರಡನ್ನೂ ಒಟ್ಟಿಗೆ ಕೊಡುವ ಮರ್ಕ್ಯುರಿ ವೇಪರ್ ಬಲ್ಬು ಬರುತ್ತದಲ್ಲ, ಅದನ್ನು ಡಿಮ್ ಮಾಡಲು ಬರುವುದಿಲ್ಲ. ಎತ್ತರ ಹೆಚ್ಚುಕಡಿಮೆ ಮಾಡಿಯೇ ಕಾವು ಹೊಂದಿಸಬೇಕು. ಮೊದಲ ಸಲ ಸಾಕುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಥರ್ಮಾಮೀಟರ್ ಕಥೆ ಕೇಳಿ. ಸ್ಪಾಟ್ ಬಲ್ಬು ಹಾಕಿ ಒಂದೆರಡು ಗಂಟೆ ಬಿಟ್ಟೆ. ಗಾಜಿಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್ 27 ಡಿಗ್ರಿ ತೋರಿಸಿತು, ಮುಳ್ಳು ಚೆಂದವಾಗಿ ಹಸಿರು ಪಟ್ಟಿಯ ನಡುವೆ ನಿಂತಿತ್ತು. ಬಲ್ಬಿನ ಕೆಳಗಿನ ಚಪ್ಪಡಿ ಕಲ್ಲಿಗೆ ನನ್ನ ಇನ್‌ಫ್ರಾರೆಡ್ ಗನ್ ಹಿಡಿದರೆ 46. ಜ್ವರ ಬಂದವನನ್ನು ಬಿಟ್ಟು ಮಂಚದ ಕಾಲಿಗೆ ಥರ್ಮಾಮೀಟರ್ ಇಟ್ಟ ಹಾಗಾಯಿತು ಇದು. ಬೇಕಾದದ್ದು ಚಿಪ್ಪಿನ ಎತ್ತರದಲ್ಲಿ 32ರಿಂದ 35 ಡಿಗ್ರಿ, ಆ ಕಡೆಯ ತುದಿಯಲ್ಲಿ 20ರಿಂದ 22. ವೈರಿನ ತುದಿಗೆ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ತೆಗೆದುಕೊಳ್ಳಿ, ಒಂದು ಬಿಸಿ ಕಡೆಗೆ, ಒಂದು ತಂಪು ಕಡೆಗೆ. ಆಮೆ ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿ ಬೇಕೆಂದಾಗ ಬಿಸಿಗೆ, ಸಾಕೆಂದಾಗ ತಂಪಿಗೆ ನಡೆದೇ ಹೋಗಬೇಕು. ಎರಡಡಿ ಟ್ಯಾಂಕಿನಲ್ಲಿ ನಡೆದು ಎಲ್ಲಿಗೆ ಹೋಗುತ್ತದೆ? ಅರ್ಧ ದಿನ ಕಳೆಯುವಷ್ಟರಲ್ಲಿ ನನ್ನ ತಂಪು ತುದಿಯೂ 31ಕ್ಕೆ ಬಂದಿತ್ತು.

ಕೆಂಪು ಬಲ್ಬು ಬೇಡ. ಆಮೆಗೆ ಕೆಂಪು ಬೆಳಕು ಚೆನ್ನಾಗಿಯೇ ಕಾಣುತ್ತದೆ, ನಿದ್ದೆ ಕೆಡುತ್ತದೆ. ರಾತ್ರಿ ಕತ್ತಲಾಗಿರಬೇಕು, ಅಷ್ಟೇ. ರಾತ್ರಿ ತೀರಾ ತಣ್ಣಗಾಗುವ ಮನೆಯಾದರೆ ಬೆಳಕೇ ಬರದ ಸೆರಾಮಿಕ್ ಹೀಟರ್ ಇದೆ. ಹೀಟ್ ಮ್ಯಾಟ್ ಇನ್ನೂ ಕೆಟ್ಟದ್ದು. ಆಮೆಗೆ ಕಾವು ಮೇಲಿನಿಂದ ಬಂದು ಅಭ್ಯಾಸ, ಸೆಖೆಯಾದರೆ ಅದು ಮಣ್ಣು ಕೆದರಿ ಕೆಳಗೆ ಹೋಗುತ್ತದೆ. ಕೆಳಗೇ ಬಿಸಿ ಇಟ್ಟರೆ ತಪ್ಪಿಸಿಕೊಳ್ಳಲು ಹೋದ ಜಾಗದಲ್ಲೇ ಹೊಟ್ಟೆ ಸುಡುತ್ತದೆ. ಮೇಲೆ ದಪ್ಪ ಮಣ್ಣು ಇದ್ದರೆ ಕಾವು ಅಲ್ಲೇ ಕೂತು ಗಾಜು ಬಿರುಕು ಬಿಡುವುದೂ ಉಂಟು.

ಇನ್ನು ಟ್ಯಾಂಕು. ನೋಡುವವರಿಗೆ ಚೆಂದ, ಇರುವವರಿಗೆ ಕಷ್ಟ. ಕಿಟ್ ಮಾರಿದ ಅಂಗಡಿಗೆ ಒಂದು ಸಂಜೆ ಹೋಗಿದ್ದಾಗ ಅಂಥದ್ದೇ ಗಾಜಿನ ಟ್ಯಾಂಕಿನಲ್ಲಿ ಒಂದು ಚಿಕ್ಕ ಆಮೆ ಇತ್ತು. ಮೂಲೆಯಲ್ಲಿ ಗಾಜಿಗೆ ಮೂತಿ ಒತ್ತಿ, ಮುಂಗಾಲುಗಳಿಂದ ಪರಪರ ಕೆರೆಯುತ್ತಿತ್ತು. ಜಾರಿ ಕೆಳಗೆ ಬೀಳುವುದು, ಮತ್ತೆ ಎದ್ದು ಅದೇ ಜಾಗಕ್ಕೆ ಕಾಲು ಹಾಕುವುದು. ಗಾಜಿನ ಮೇಲೆ ಆ ಎತ್ತರದಲ್ಲಿ ಒಂದು ಮಂಜು ಪಟ್ಟಿಯೇ ಬಿದ್ದಿತ್ತು, ಉಗುರಿನ ಗೀರುಗಳ ಜೊತೆ. "ತುಂಬಾ ಆಕ್ಟಿವ್ ಇದೆ ಸರ್" ಅಂದ ಹುಡುಗ. ಆಚೆ ಕಾಣುತ್ತದೆ, ಆದರೆ ಹೋಗಲು ಆಗುತ್ತಿಲ್ಲ, ಯಾಕೆ ಅಂತ ಅದಕ್ಕೆ ಅರ್ಥವಾಗುವುದಿಲ್ಲ. ಅದನ್ನು ಆಕ್ಟಿವ್ ಅನ್ನುವುದಾದರೆ ಅನ್ನಲಿ.

ನಾವು ಮಾಡಿಸಿದ್ದು ಮರದ ಮೇಜು. ಮೇಜು ಅಂದರೆ ಮೇಲೆ ತೆರೆದಿರುವ, ಗೋಡೆ ಇರುವ ಅಗಲವಾದ ತಟ್ಟೆ ಅಂದುಕೊಳ್ಳಿ. ನಾಲ್ಕಡಿ ಉದ್ದ, ಎರಡಡಿ ಅಗಲ ಚಿಕ್ಕ ಜಾತಿಗೆ ಕನಿಷ್ಠ. ಜಾಗ ಇದ್ದರೆ ಇನ್ನೂ ದೊಡ್ಡದು ಮಾಡಿ. ಗೋಡೆ ಒಂದಡಿ. ಆಮೆಗೆ ಹತ್ತಲು ಬರುವುದಿಲ್ಲ ಅಂದುಕೊಳ್ಳಬೇಡಿ, ಎರಡು ಗೋಡೆ ಸೇರುವ ಮೂಲೆಯಲ್ಲಿ ಒಂದೊಂದು ಕಾಲು ಒಂದೊಂದು ಕಡೆ ಒತ್ತಿ ಏರಿಬಿಡುತ್ತದೆ. ನಾಲ್ಕೂ ಮೂಲೆಗಳ ಮೇಲೆ ಪ್ಲೈವುಡ್‌ನ ತ್ರಿಕೋನ ತುಂಡು ಹೊಡೆದರೆ ಮುಗಿಯಿತು. ಒಳಗೆ ಕೊಳಗಳಿಗೆ ಹಾಸುವ ರಬ್ಬರ್ ಹಾಳೆ ಹಾಕಿ, ಇಲ್ಲದಿದ್ದರೆ ಒದ್ದೆ ಮಣ್ಣಿಗೆ ಪ್ಲೈ ಉಬ್ಬುತ್ತದೆ. ಹಳೆಯ ಪುಸ್ತಕದ ಕಪಾಟನ್ನು ಬೆನ್ನ ಮೇಲೆ ಮಲಗಿಸಿ ಅಡ್ಡ ಹಲಗೆ ತೆಗೆದು ಬಳಸುವವರೂ ಇದ್ದಾರೆ, ಬಹಳ ಒಳ್ಳೆಯ ಉಪಾಯ.

ಮರದ ಹೊಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೂಳು, ಒಣ, ಎಲೆಯ ಜೊತೆ ಬಾಯಿಗೂ ಹೋಗುತ್ತದೆ. ಗೊಬ್ಬರ, ಔಷಧಿ ಸೇರದ ಮಣ್ಣಿಗೆ ಕೋಕೋಪೀಟ್ ಬೆರೆಸಿ ನಾಲ್ಕಿಂಚು ದಪ್ಪ ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಈ ತೇವ ಯಾಕೆ ಮುಖ್ಯ ಅಂದರೆ, ಒಣ ಜಾಗದಲ್ಲಿ ಬೆಳೆದ ಮರಿಗಳ ಚಿಪ್ಪಿನ ಒಂದೊಂದು ಫಲಕವೂ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ಹಿಂದೆ ಇದಕ್ಕೆ ಪ್ರೋಟೀನ್ ಜಾಸ್ತಿಯಾದದ್ದೇ ಕಾರಣ ಅನ್ನುತ್ತಿದ್ದರು. 2003ರಲ್ಲಿ ವೀಸ್ನರ್ ಮತ್ತು ಈಬೆನ್ ಎಂಬ ಸಂಶೋಧಕರು ಸಲ್ಕಾಟಾ ಅನ್ನುವ ಆಫ್ರಿಕದ ಆಮೆಯ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿದರು. ಪ್ರೋಟೀನ್‌ಗಿಂತ ಗಾಳಿಯ ತೇವದ ಪ್ರಭಾವವೇ ದೊಡ್ಡದು ಅಂತ ಗೊತ್ತಾಯಿತು. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯುವುದಿಲ್ಲ. ಕಿಟ್‌ನ ಪುಸ್ತಿಕೆ ಮಾತ್ರ 'ಆಮೆ ಮರುಭೂಮಿಯ ಪ್ರಾಣಿ, ಒಣಗಿರಲಿ' ಅನ್ನುತ್ತದೆ.

ಪುಸ್ತಿಕೆಯ ಊಟದ ಪುಟವೂ ಹಾಗೇ. ಲೆಟ್ಯೂಸ್, ಟೊಮೇಟೊ, ಬಾಳೆಹಣ್ಣು, ಜೊತೆಗೆ ಅವರದೇ ಪೆಲೆಟ್. ಹುಲ್ಲು, ಕಳೆ ತಿಂದು ಬದುಕುವ ಜಾತಿಗಳಿಗೆ ಹಣ್ಣಿನ ಸಕ್ಕರೆ ಹೊಟ್ಟೆ ಕೆಡಿಸುತ್ತದೆ. ಬೇಕಾದದ್ದು ನಾರು ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ, ಪ್ರೋಟೀನ್ ಕಡಿಮೆ. ಡ್ಯಾಂಡೆಲಿಯನ್, ಕ್ಲೋವರ್, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಸ್‌ಕಳ್ಳಿ. ಔಷಧಿ ಹೊಡೆಯದ ಜಾಗದಿಂದ ಕಿತ್ತು ತಂದರೆ ಪೆಲೆಟ್ ಡಬ್ಬಿಯ ಗೊಡವೆಯೇ ಬೇಡ. ಪಾಲಕ್ ದಿನಾ ಹಾಕಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆವಕಾಡೊ, ನಾಯಿ-ಬೆಕ್ಕಿನ ಆಹಾರ ಬೇಡವೇ ಬೇಡ. ಕ್ಯಾಲ್ಸಿಯಂಗೆ ಅಂತ ಒಂದು ಕಟಲ್ ಮೀನಿನ ಮೂಳೆ ಮೂಲೆಯಲ್ಲಿಟ್ಟರೆ ಬೇಕಾದಾಗ ತಾನೇ ಕಚ್ಚಿಕೊಳ್ಳುತ್ತದೆ.

ನೀರಿನ ತಟ್ಟೆ ಆಳ ಜಾಸ್ತಿ, ಅಂಚು ಕಡಿದು. ಮರಿ ಮಗುಚಿ ಬಿದ್ದರೆ ಅಲ್ಲೇ ಮುಳುಗುತ್ತದೆ. ಹೂಕುಂಡದ ಅಡಿಗಿಡುವ ಮಣ್ಣಿನ ತಟ್ಟೆಯನ್ನು ಅಂಚಿನವರೆಗೂ ಹೂತಿಟ್ಟರೆ ಇದಕ್ಕಿಂತ ಎಷ್ಟೋ ವಾಸಿ. ಗೂಡು ಮಾತ್ರ ಚೆನ್ನಾಗಿದೆ, ಗಟ್ಟಿ ಮರ, ಒಳಗೆ ನುಣುಪು, ಅಗಲ ಸಾಕಷ್ಟಿದೆ. ಒಂದು ಅಂಕ ಅದಕ್ಕೆ. ಉಳಿದ ಅರ್ಧ ಅಂಕ ಪುಸ್ತಿಕೆಯ ಕೊನೆಯ ಪುಟಕ್ಕೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯಿರಿ ಅಂತ ಅಲ್ಲಿದೆ. ಆಮೆ ಆರೋಗ್ಯವಾಗಿದ್ದರೂ ಅದರ ಮೈಮೇಲೆ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ ನಾಲ್ಕಿಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರಬಾರದು ಅಂತ 1975ರಲ್ಲೇ ನಿಷೇಧ ತಂದದ್ದು ಇದೇ ಕಾರಣಕ್ಕೆ. ಚಿಕ್ಕ ಮಕ್ಕಳು ಅವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಪೆಟ್ಟಿಗೆಯ ಮೇಲಿನ ಫೋಟೋ ಬಗ್ಗೆ ಹೇಳದಿದ್ದರೆ ವಿಮರ್ಶೆ ಮುಗಿಯುವುದಿಲ್ಲ. ಮಗುವಿನ ಅಂಗೈ ಮೇಲೆ ಹಳದಿ ಬಣ್ಣದ ಪುಟಾಣಿ ಆಮೆ. ಅದು ಸಲ್ಕಾಟಾ, ಸಹಾರಾದ ದಕ್ಷಿಣ ಅಂಚಿನದು. ಗಾಲಾಪಗೋಸ್ ಮತ್ತು ಅಲ್ಡಾಬ್ರಾದ ದೈತ್ಯ ಆಮೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇದೇ ದೊಡ್ಡದು. ಅಂಗೈ ಮೇಲಿನ ಆ ಮರಿ ಬೆಳೆದರೆ 45 ಕಿಲೋ ದಾಟಬಹುದು. ಬೇಲಿ ನೂಕಿ ಬೀಳಿಸುತ್ತದೆ, ನೆಲದಲ್ಲಿ ಮೀಟರ್‌ಗಟ್ಟಲೆ ಸುರಂಗ ಕೊರೆಯುತ್ತದೆ. ಚಳಿಗಾಲದ ನಿದ್ದೆಯೂ ಇಲ್ಲ, ವರ್ಷವಿಡೀ ಬಿಸಿ ಬೇಕು. "ಟ್ಯಾಂಕಿನ ಸೈಜಿಗೆ ತಕ್ಕ ಹಾಗೆ ಬೆಳೆಯುತ್ತೆ ಸರ್" ಅಂತ ಅದೇ ಹುಡುಗ ಹೇಳಿದ. ಹಾಗೆ ಯಾವ ಆಮೆಯೂ ಬೆಳೆಯುವುದಿಲ್ಲ. ಜಾಗ ಸಾಲದೆ ರೋಗ ಹಿಡಿದು ಕುಗ್ಗಿದರೆ ಅದನ್ನು ಬೆಳವಣಿಗೆ ಅನ್ನುತ್ತಾರಾ?

ಮೊದಲ ಸಲದವರಿಗೆ ಸಾಮಾನ್ಯವಾಗಿ ಹೇಳುವ ಹೆಸರು ಎರಡು: ಹರ್ಮನ್ಸ್ ಮತ್ತು ಹಾರ್ಸ್‌ಫೀಲ್ಡ್. ಎರಡೂ ದೊಡ್ಡವಾದ ಮೇಲೂ ಹೆಚ್ಚುಕಡಿಮೆ ಒಂದು ಗೇಣು. ಹಾರ್ಸ್‌ಫೀಲ್ಡ್ ಮಧ್ಯ ಏಷ್ಯಾದ ಹುಲ್ಲುಗಾವಲಿನದು, ಮುಂಗಾಲಿಗೆ ನಾಲ್ಕೇ ಉಗುರು, ಗುಂಡಗೆ ಚಪ್ಪಟೆ, ತೋಡುವ ಹುಚ್ಚು. 1968ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ತರ ಜೊಂಡ್-5 ನೌಕೆಯಲ್ಲಿ ಚಂದ್ರನನ್ನು ಸುತ್ತಿ ಜೀವಂತ ವಾಪಸ್ ಬಂದ ಎರಡು ಆಮೆಗಳು ಇದೇ ಜಾತಿಯವು. ಮನುಷ್ಯರಿಗಿಂತ ಮುಂಚೆ! ಮಗಳು ಜಾತಿ ಆರಿಸಿದ್ದು ಈ ಒಂದು ಕಾರಣಕ್ಕೆ, ನಾನು ಆರಿಸಿದ್ದು ಗಾತ್ರ ಮತ್ತು ಗಟ್ಟಿತನ ನೋಡಿ. ರೆಡ್‌ಫುಟ್ ಅನ್ನುವ ಜಾತಿ ಸುಂದರ, ಆದರೆ ಕಾಡಿನ ತೇವ ಕೇಳುತ್ತದೆ. ನಕ್ಷತ್ರ ಆಮೆಯ ಆಸೆ ಬಿಡಿ. ಕಾಡಿನಿಂದ ಕದ್ದು ಸಾಗಿಸುವ ದಂಧೆ ಅದರ ಮೇಲೆ ಎಷ್ಟಿದೆ ಅಂದರೆ 2019ರಲ್ಲಿ ಅದನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ ಮೊದಲ ಪಟ್ಟಿಗೆ ಹಾಕಿ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಲ್ಲಿಸಿದರು. ಉಳಿದ ನೆಲದ ಆಮೆಗಳೂ ಕಡೇ ಪಕ್ಷ ಎರಡನೇ ಪಟ್ಟಿಯಲ್ಲಿವೆ. ನೀವಿರುವ ಕಡೆ ಯಾವ ಜಾತಿ ಸಾಕಲು ಕಾನೂನು ಒಪ್ಪುತ್ತದೆ ಅಂತ ವನ್ಯಜೀವಿ ಇಲಾಖೆಯಲ್ಲಿ ಕೇಳಿಯೇ ಮುಂದೆ ಹೋಗಿ. ಯಾವುದಕ್ಕೂ ಅನುಮತಿ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಅಡ್ಡದಾರಿ ಹುಡುಕಬೇಡಿ. ಅಂಗಡಿಯವನ ಮಾತು ನಂಬಬೇಡಿ, ಕಾಗದ ಕೇಳಿ.

ಕಾಗದ ಇಲ್ಲದ ಅಂಗಡಿ ಬಿಟ್ಟು ನಾವು ಹೋದದ್ದು ಮನೆಯಲ್ಲೇ ಮರಿ ಮಾಡಿಸಿ ಸಾಕಿ ಕೊಡುವ ಒಬ್ಬರ ಹತ್ತಿರ. ಅವರ ಸೇವೆಗೆ ನನ್ನ ಅಂಕ ನಾಲ್ಕೂವರೆ. ಅರ್ಧ ಕಡಿಮೆ ಯಾಕೆಂದರೆ ಫೋನ್ ಎತ್ತುವುದಿಲ್ಲ, ಕಾಗದ ಕೈಗೆ ಬರುವಷ್ಟರಲ್ಲಿ ನಾನು ನಾಲ್ಕಾರು ಸಲ ನೆನಪಿಸಬೇಕಾಯಿತು. ಆದರೆ ಮೊದಲ ಭೇಟಿಯಲ್ಲಿ ಅವರು ಆಮೆ ತೋರಿಸಲೇ ಇಲ್ಲ. "ಮೇಜಿನ ಫೋಟೋ ಇದೆಯಾ? ಬಿಸಿ ಕಡೆ ಎಷ್ಟು, ತಂಪು ಕಡೆ ಎಷ್ಟು?" ಅಂತ ಕೇಳಿದರು. ನಾನು ಬರೆದಿಟ್ಟುಕೊಂಡ ಅಂಕಿ ತೋರಿಸಿದೆ. ಆಗ ಮುಖ ಸಡಿಲವಾಯಿತು. ಖಾಲಿ ಮೇಜಿನಲ್ಲಿ ದೀಪ ಹಾಕಿ ಒಂದು ವಾರ ನೋಡಿ, ಕಾವು ನಿಂತಿದೆ ಅಂತ ಗೊತ್ತಾದ ಮೇಲೆಯೇ ಕೊಡುತ್ತಾರಂತೆ. ದುಡ್ಡು ಮುಂದೆ ಹಿಡಿದು ನಿಂತ ಗಿರಾಕಿಯನ್ನು ವಾಪಸ್ ಕಳಿಸುವ ವ್ಯಾಪಾರಿಯನ್ನು ನಾನು ನೋಡಿದ್ದು ಕಡಿಮೆ.

ಮರಿ ಬೇಡ, ನಾಲ್ಕು ವರ್ಷದ್ದು ತಗೊಳ್ಳಿ ಅಂದದ್ದೂ ಅವರೇ. ಒಳ್ಳೆಯ ಸಲಹೆ. ಮೊಟ್ಟೆಯಿಂದ ಬಂದ ಹೊಸತರಲ್ಲಿ ಸಣ್ಣ ಎಡವಟ್ಟಿಗೂ ಬೆಲೆ ದೊಡ್ಡದು. ಗಂಡೋ ಹೆಣ್ಣೋ ಅಂತಲೂ ತಿಳಿಯುವುದಿಲ್ಲ. ದೊಡ್ಡದಾದ ಮೇಲೆ ಗಂಡಿನ ಬಾಲ ಉದ್ದ. ಜೋಡಿ ಬೇಡ, ಒಂದೇ ಸಾಕು ಅಂದರು. "ಒಂಟಿಯಾಗಿ ಬೇಜಾರಾಗಲ್ವಾ?" ಅಂತ ಮಗಳು ಕೇಳಿದಳು. ಆಮೆಗೆ ಜೊತೆ ಬೇಕಾಗಿಲ್ಲ ಪುಟ್ಟಿ, ಇಬ್ಬರಿದ್ದರೆ ಒಬ್ಬ ಇನ್ನೊಬ್ಬನ ಊಟ, ಬಿಸಿಲು ಎರಡನ್ನೂ ಕಿತ್ತುಕೊಳ್ಳುತ್ತಾನೆ ಅಂತ ಅವರು ವಿವರಿಸಿದರು. ಬೇರೆ ಬೇರೆ ಜಾತಿ ಒಟ್ಟಿಗೆ ಇಟ್ಟರೆ ಹರ್ಪಿಸ್‌ನಂಥ ಸೋಂಕು ಒಂದರಿಂದ ಒಂದಕ್ಕೆ ದಾಟುತ್ತದೆ. ಒಂದಕ್ಕೆ ಏನೂ ಆಗದೆ ಇನ್ನೊಂದು ಸಾಯಬಹುದು.

ಆಮೆಯನ್ನು ಆರಿಸುವ ಕ್ರಮವನ್ನು ಅವರ ಕೈ ನೋಡಿ ಕಲಿತೆ. ಎರಡೂ ಕೈಯಲ್ಲಿ ಎತ್ತಿದಾಗ ಗಾತ್ರಕ್ಕಿಂತ ಭಾರ ಅನಿಸಬೇಕು, ಹಗುರಾಗಿ ಟೊಳ್ಳು ಅನಿಸಿದರೆ ಬೇಡ. ಕಣ್ಣು ಪೂರ್ತಿ ತೆರೆದು ಹೊಳೆಯಬೇಕು. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಒಣಗಿದ ಸಿಂಬಳದ ಗುರುತು ಇರಬಾರದು. ಮುಂಗಾಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಫಟ್ಟನೆ ಒಳಕ್ಕೆ ಸೆಳೆದುಕೊಳ್ಳಬೇಕು. ನಮ್ಮ ಆಮೆ ನನ್ನ ಬೆರಳನ್ನೂ ಸೇರಿಸಿ ಚಿಪ್ಪಿನೊಳಗೆ ಎಳೆದುಕೊಂಡಿತು, ಅಷ್ಟು ಕಸುವು. ಬಾಲದ ಬುಡ ಚೊಕ್ಕಟವಾಗಿರಬೇಕು. ಕೆಳಗೆ ಬಿಟ್ಟಾಗ ಹೊಟ್ಟೆ ನೆಲಕ್ಕೆ ತಾಗದ ಹಾಗೆ ನಾಲ್ಕೂ ಕಾಲಿನ ಮೇಲೆ ಎದ್ದು ನಡೆಯಬೇಕು. ಕೊನೆಗೆ ಒಂದು ಎಲೆ ಹಾಕಿ ತಿನ್ನುವುದನ್ನು ನೋಡಲೇಬೇಕು. ನಮ್ಮದು ಡ್ಯಾಂಡೆಲಿಯನ್ ಎಲೆಯನ್ನು ಒಂದು ಕಾಲಿನಲ್ಲಿ ಅದುಮಿ, ತಲೆ ಹಿಂದಕ್ಕೆ ಜಗ್ಗಿ ಹರಿದು ತಿಂದಿತು. ಚಿಪ್ಪು ಹನ್ನೊಂದು ಸೆಂಟಿಮೀಟರ್, ತೂಕ ಮುನ್ನೂರು ಗ್ರಾಂಗೆ ಸ್ವಲ್ಪ ಮೇಲೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಬರೆದಿಡಿ ಅಂದರು. ತಕ್ಕಡಿ ಆಮೆಗೇ ಬೇರೆ ಇರಲಿ ಅಂತ ನನ್ನ ಹೆಂಡತಿಯ ತೀರ್ಪು, ಸರಿಯಾದದ್ದೇ.

ವೈದ್ಯರ ವಿಷಯ ಚುಟುಕಾಗಿ. ನಾಯಿ-ಬೆಕ್ಕು ನೋಡುವ ಎಲ್ಲರೂ ಆಮೆ ನೋಡುವುದಿಲ್ಲ. ಸರೀಸೃಪ ಗೊತ್ತಿರುವವರು ಯಾರು, ಎಷ್ಟು ದೂರ ಅಂತ ಆಮೆ ತರುವ ಮೊದಲೇ ಹುಡುಕಿಡಿ. ತಂದ ಮೇಲೆ ಮೊದಲು ಮಲ ಪರೀಕ್ಷೆ ಮಾಡಿಸಿ, ಹುಳ ಇರುವುದು ಮಾಮೂಲು. ವಾರಕ್ಕೆ ಒಂದೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಗದ್ದದ ಮಟ್ಟದವರೆಗೆ ಕಾಲು ಗಂಟೆ ಕೂರಿಸಿ. ಮರಿಗಳಿಗೆ ಇನ್ನೂ ಹೆಚ್ಚು ಸಲ. ಅಲ್ಲೇ ನೀರು ಕುಡಿಯುತ್ತದೆ, ಅಲ್ಲೇ ಹೊಟ್ಟೆ ಖಾಲಿ ಮಾಡುತ್ತದೆ. ಚಳಿಗಾಲದ ನಿದ್ದೆಯ ಬಗ್ಗೆ ಪುಸ್ತಿಕೆ 'ತಾನಾಗಿಯೇ ಮಲಗುತ್ತದೆ' ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡಿದೆ. ಹಾರ್ಸ್‌ಫೀಲ್ಡ್, ಹರ್ಮನ್ಸ್ ಮಲಗುತ್ತವೆ ನಿಜ, ಆದರೆ ಕಾವು 5 ಡಿಗ್ರಿ ಹತ್ತಿರ ನಿಲ್ಲಬೇಕು. ಸೊನ್ನೆಗೆ ಇಳಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. 10ಕ್ಕೆ ಏರಿದರೆ ಅರೆನಿದ್ದೆಯಲ್ಲಿ ಮೈಯ ಕೊಬ್ಬು ಕರಗಿಸಿಕೊಳ್ಳುತ್ತದೆ. ವೈದ್ಯರು ತೂಕ ನೋಡಿ ಹೂಂ ಅನ್ನದೆ ಮಲಗಿಸುವುದು ಬೇಡ. ಸಲ್ಕಾಟಾ, ರೆಡ್‌ಫುಟ್, ನಕ್ಷತ್ರ ಆಮೆಗಳು ಮಲಗುವ ಜಾತಿಯೇ ಅಲ್ಲ.

ಇನ್ನೊಂದು ಮಾತನ್ನು ಮನೆಯಲ್ಲಿ ಕೂತು ಆಡಿಕೊಳ್ಳಬೇಕು, ಕಿಟ್ ಯಾಕೆ ಅದನ್ನು ಬರೆಯುವುದಿಲ್ಲ ಅಂತ ಗೊತ್ತಿದೆ. ಈ ಚಿಕ್ಕ ಜಾತಿಗಳೇ ಚೆನ್ನಾಗಿ ಸಾಕಿದರೆ 50 ವರ್ಷ ದಾಟುತ್ತವೆ. ಸೇಂಟ್ ಹೆಲೆನಾ ದ್ವೀಪದ ದೈತ್ಯ ಆಮೆ ಜೊನಾಥನ್ 1832ರ ಸುಮಾರಿಗೆ ಹುಟ್ಟಿತು ಅಂತ ಅಂದಾಜು, ಅದು ಬೇರೆ ಲೆಕ್ಕ. ನಮ್ಮ ಮನೆಯಲ್ಲಿ ಮುಂದೆ ನೋಡಿಕೊಳ್ಳುವವರು ಯಾರು ಅನ್ನುವುದು ಒಂದು ಹಾಳೆಯಲ್ಲಿ ಬರೆದು ಆಮೆಯ ಕಾಗದಗಳ ಜೊತೆ ಇಟ್ಟಿದ್ದೇವೆ.

ನಿಮಗೂ ಯಾರೋ ಪ್ರೀತಿಯಿಂದ ಇಂಥ ಪೆಟ್ಟಿಗೆ ಕೊಟ್ಟಿದ್ದರೆ ಗೂಡು ಇಟ್ಟುಕೊಳ್ಳಿ. ಹೀಟ್ ಮ್ಯಾಟ್, ಕೆಂಪು ಬಲ್ಬು, ಸುರುಳಿ ಬಲ್ಬುಗಳ ಸೀಲ್ ಒಡೆಯದಿದ್ದರೆ ಅಂಗಡಿಗೆ ವಾಪಸ್ ಕೊಟ್ಟು ಬದಲಿಗೆ ಥರ್ಮೋಸ್ಟಾಟ್ ಕೇಳಿ. ನನಗೆ ಸೀಲ್ ಒಡೆಯದ ಹೀಟ್ ಮ್ಯಾಟಿಗೂ ಪೆಲೆಟ್ ಡಬ್ಬಿಗೂ ಸೇರಿಸಿ ಒಂದು ಟೈಮರ್ ಸಿಕ್ಕಿತು, ಅದೂ ಮ್ಯಾನೇಜರ್ ಜೊತೆ ಸಾಕಷ್ಟು ಮಾತಾದ ಮೇಲೆ. ಗಾಜಿನ ಟ್ಯಾಂಕು ಈಗ ಸಸಿ ಬೆಳೆಸಲು ಬಳಕೆಯಾಗುತ್ತಿದೆ, ಆಮೆಗೆ ಹಾಕುವ ಕ್ಲೋವರ್ ಅದರಲ್ಲೇ ಚೆನ್ನಾಗಿ ಬರುತ್ತಿದೆ. ಅತ್ತಿಗೆ ಬಂದು ನೋಡಿ "ನಾನು ಕೊಟ್ಟಿದ್ದು ಉಪಯೋಗಕ್ಕೆ ಬಂತಲ್ಲ" ಅಂದರು. ಹೌದು ಅಂದೆ.